ಮುಂದೋಡುವ ವಾಚು

ದೊಡ್ಡೇರಿಯ ರಾಧಾಮಣಿ ಟೀಚರ್ ಎಡಗೈಯ ಬಳೆ ತೆಗೆದಿದ್ದು ಗಂಡ ಸತ್ತನೆಂದಲ್ಲ, ಅವನ ವಾಚು ಕಟ್ಟಿಕೊಳ್ಳಬೇಕೆಂದು. ಇದನ್ನು ಊರಲ್ಲಿ ಯಾರು ನಂಬುತ್ತಾರೆ? ಸಾವಿನ ಮನೆಯಲ್ಲಿ ಭಾವ ಭೀಮರಾಜು ಎದ್ದು ನಿಂತು, "ನಾವು ಬುದ್ಧನ್ನ ನಂಬ್ದೋರು. ಬಳೆ ಒಡೆಯೋದು ಗಿಡಿಯೋದು ನಮ್ಮನೇಲಿ ಇಲ್ಲ ಕಣಮ್ಮ" ಎಂದು ಹೆಂಗಸರ ಬಾಯಿ ಮುಚ್ಚಿಸಿದ್ದರು. ಆಮೇಲೆ ಇವಳೇ ತೆಗೆದಿಟ್ಟಾಗ, "ಕೊನೆಗೂ ದಾರಿಗೆ ಬಂದ್ಳು" ಎಂದು ಅದೇ ಹೆಂಗಸರು ಅಂದುಕೊಂಡರು. ಅಂದುಕೊಳ್ಳಲಿ ಬಿಡಿ.

ಅದು ಸ್ವಿಸ್ ವಾಚು. ಹಾಗೆಂದ ಕೂಡಲೇ ಕಣ್ಣರಳಿಸಬೇಡಿ. ಚಿನ್ನದ್ದಲ್ಲ, ವಜ್ರದ್ದಲ್ಲ, ಸಂಬಳದವರೂ ಆಸೆಪಟ್ಟು ಕೊಳ್ಳಬಹುದಾದಂಥದ್ದು. ಕೆನೆಬಣ್ಣದ ಮುಖ, ಉಬ್ಬಿದ ಗಾಜು, ಕಂದು ಚರ್ಮದ ಪಟ್ಟಿ. ಯಾವುದೋ ತಾತನ ಟ್ರಂಕಿನಿಂದ ತೆಗೆದ ಹಾಗೆ ಕಾಣುವ ಹೊಸ ವಾಚು. ಮಧುಗಿರಿಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ ಮೋಹನ್ ಕುಮಾರ್, ಬೈಕು ತರುತ್ತೇನೆಂದು ಹೋದವನು ಇದನ್ನು ಕಟ್ಟಿಕೊಂಡು ಬಂದಿದ್ದ. "ಇದರ ಮೇಲೆ ಕೂತ್ಕಂಡು ಹೋಗಕಾಯ್ತದಾ?" ಎಂದು ರಾಧಾಮಣಿ ರೇಗಿದ್ದಳು. ಅದಕ್ಕೆ ಸೆಲ್ ಬೇಡ, ಕೀ ಕೊಡುವುದೂ ಬೇಡ. ಕೈ ಆಡುತ್ತಿದ್ದರೆ ತಾನೂ ಓಡುತ್ತದೆ, ಕಳಚಿಟ್ಟರೆ ಒಂದೆರಡು ದಿನದಲ್ಲಿ ನಿಂತುಬಿಡುತ್ತದೆ.

ಒಂದೇ ಒಂದು ಕೆಟ್ಟ ಬುದ್ಧಿಯಿತ್ತು ಅದಕ್ಕೆ: ಸಮಯಕ್ಕಿಂತ ಮುಂದೆ ಓಡುತ್ತಿತ್ತು. ದಿನಾ ಬೆಳಿಗ್ಗೆ ಅವನು ವಾಚು ನೋಡಿ, "ಟೈಮಾಯ್ತು, ನಡಿ ನಡಿ" ಎನ್ನುವುದು, ಇವಳು ಕೈಯೊರೆಸಿಕೊಂಡು ಹಿಂದೆ ಓಡುವುದು, ಬಸ್ಸು ನಿಲ್ಲುವ ಬೇವಿನ ಕಟ್ಟೆಗೆ ಬಂದು ನೋಡಿದರೆ, ಅವನ ಕಚೇರಿಗೂ ಇವಳ ಶಾಲೆಗೂ ಹೋಗುವ ಮಧುಗಿರಿ ಬಸ್ಸಿನ ಸುಳಿವೇ ಇಲ್ಲ.

"ನಿಮ್ಮ ವಾಚಿಗಿಷ್ಟು ಬೆಂಕಿ ಹಾಕ! ಪಾತ್ರೆ ಅಂಗೇ ಬುಟ್ಟು ಬಂದೆ."

"ಸ್ವಿಸ್ ಮಾಲು ಕಣೆ, ಅದಕ್ಕೆ ಅವಸರ ಜಾಸ್ತಿ. ನಾನೇನ್ ಮಾಡ್ಲಿ? ಬಾ, ಕೂತ್ಕೋ."

ಕೂತರೆ ಅವನ ಜೇಬಿನಿಂದ ಹುರಿದ ಕಡಲೆಕಾಯಿ ಬರುತ್ತಿತ್ತು, ಬಾಯಿಂದ ಸಾಹೇಬರ ಗೊಣಗಾಟದ ಅಣಕು ಬರುತ್ತಿತ್ತು. ಇವಳಿಗೆ ನಕ್ಕು ನಕ್ಕು ಕೆಮ್ಮು. ಮನೆಯಲ್ಲಿ ಹಾಗೆಲ್ಲ ನಗುವಂತಿರಲಿಲ್ಲ. ಮೂವರು ಅಣ್ಣತಮ್ಮಂದಿರ ತುಂಬಿದ ಮನೆ; ಗಂಡ ಒಂದು ಮಾತು ಕೇಳಿದರೆ ಹೆಂಡತಿಗಿಂತ ಮೊದಲು ನಾಲ್ಕು ಜನ ಉತ್ತರ ಕೊಡುತ್ತಿದ್ದರು. ಇವರಿಗೆ ಮಕ್ಕಳಾಗಲಿಲ್ಲ, ಉಳಿದವರ ಮಕ್ಕಳೆಲ್ಲ ಮಲಗುತ್ತಿದ್ದುದು ಇವರ ಕೋಣೆಯಲ್ಲೇ.

ಒಂದು ಮಧ್ಯಾಹ್ನ ಕಚೇರಿಯಲ್ಲೇ ಅವನು ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯವರು ವಾಚು ಬಿಚ್ಚಿ ಅವಳ ಕೈಗಿಟ್ಟಾಗ ಅದಿನ್ನೂ ಓಡುತ್ತಿತ್ತು. ಅಂದಿನಿಂದ ಅವಳು ಅದನ್ನು ನಿಲ್ಲಲು ಬಿಡಲಿಲ್ಲ. ಶಾಲೆಯಲ್ಲಿ ಮಕ್ಕಳ ಜೊತೆ ಚಪ್ಪಾಳೆ ತಟ್ಟಿ ಪದ್ಯ ಹೇಳುವಾಗ ಕೈಯಲ್ಲೇ, ಮನೆಯಲ್ಲಿ ಮುದ್ದೆ ಕಟ್ಟುವಾಗ ಕೈಯಲ್ಲೇ, ನಿದ್ದೆಯಲ್ಲೂ ಕೈಯಲ್ಲೇ. ದಸರಾ ರಜೆಯಲ್ಲಿ ಸುಮ್ಮನೆ ಕೈ ಬೀಸಿಕೊಂಡು ಕೆರೆ ಏರಿಯ ಮೇಲೆ ತಿರುಗುತ್ತಿದ್ದಳು. ವಾಚು ಮುಂದೆಯೇ ಓಡುತ್ತಿತ್ತು, ಅವಳು ಮುಂಚೆಯೇ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅಷ್ಟು ಹೊತ್ತು ಅವನು ಪಕ್ಕದಲ್ಲಿ ಇದ್ದಂತೆಯೇ. ಅವಳಿಗೆ ಉಳಿದಿದ್ದೇ ಅಷ್ಟು, ಅದು ಹೋದರೆ ಇನ್ನೇನಿದೆ?

ಹೋಯಿತು. ಈ ವರ್ಷ ಚಿಕೂನ್‌ಗುನ್ಯಾ ಬಂದು ಬೆರಳು ಮಡಚಲೂ ಆಗದೆ ಹಾಸಿಗೆ ಹಿಡಿದಳು. ಮಣಿಕಟ್ಟು ಬಾತಿದ್ದನ್ನು ನೋಡಿ ಓರಗಿತ್ತಿ ಶ್ರೀಲತಾ ವಾಚು ಬಿಚ್ಚಿ ಗೂಡಿನಲ್ಲಿಟ್ಟಳು. ಅದು ನಿಂತಿತು. ಶ್ರೀಲತಾ ತುಂಬ ಒಳ್ಳೆಯವಳು, ಬಂದ ಕಷ್ಟವೇ ಅದು.

"ಅಕ್ಕ, ವಾಚು ನಿಂತೋಗಿತ್ತು. ಫೋನ್ ನೋಡ್ಕಂಡು ಕರೆಕ್ಟಾಗಿ ಇಟ್ಬುಟ್ಟಿದ್ದೀನಿ" ಎಂದಳು. ರಾಧಾಮಣಿ ಗೋಡೆಗೆ ತಿರುಗಿ ಅತ್ತಳು. ಕೀಲುನೋವೆಂದುಕೊಂಡು ಶ್ರೀಲತಾ ಓಡಿಹೋಗಿ ಬಿಸಿನೀರು ತಂದಳು.

ಇರಲಿ, ಅದರ ಬುದ್ಧಿ ಎಲ್ಲಿ ಹೋದೀತು, ನಾಲ್ಕು ದಿನ ಕಳೆದರೆ ತಾನೇ ಮುಂದೋಡುತ್ತದೆ ಎಂದು ರಾಧಾಮಣಿ ಸಮಾಧಾನ ಮಾಡಿಕೊಂಡಳು. ಬಾವು ಇಳಿದ ಮೇಲೆ ವಾಚು ಕಟ್ಟಿಕೊಂಡು ಮತ್ತೆ ಶಾಲೆಗೆ ಹೊರಟಳು. ಅವಳು ಕಟ್ಟೆಗೆ ಬರುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಗುತ್ತಿತ್ತು. ಕೂರಲು ಹೊತ್ತೇ ಇರಲಿಲ್ಲ. ದಿನವೂ ಫೋನಿನ ಪಕ್ಕ ವಾಚು ಹಿಡಿದು ನೋಡಿದಳು. ದೀಪಾವಳಿ ಬಂತು, ಹೋಯಿತು. ವಾಚು ಫೋನನ್ನು ಬಿಟ್ಟು ಮುಂದೆ ಹೋಗಲೇ ಇಲ್ಲ.

ಒಂದು ಭಾನುವಾರ ಬಟ್ಟೆ ಒಣಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಆ ವಾಚಿಗೆ ಮುಂದೋಡುವ ರೋಗ ಯಾವತ್ತೂ ಇರಲಿಲ್ಲ. ಅವನೇ ತಿರುಗಿಸಿ ಮುಂದಿಡುತ್ತಿದ್ದ! ಬೈಕು ಬೇಡವೆಂದು ವಾಚು ತಂದವನು, ಬೈಸಿಕೊಂಡು ಬೈಸಿಕೊಂಡು, ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು.

"ಕಳ್ಳ! ಒಂದ್ಸಲನಾದ್ರೂ ಬಾಯಿ ಬುಡಲಿಲ್ವಲ್ಲೋ" ಎಂದಳು. ಒದ್ದೆ ಸೀರೆಗೆ ಮುಖ ಒತ್ತಿ ನಕ್ಕಳು. ಆ ನಗು ಅಳುವಾಯಿತು.

ಸಂಜೆ ವಾಚಿನ ತಿರುಪು ಎಳೆದು ಹಿಡಿದಳು. ಅವನು ಎಷ್ಟು ಮುಂದಿಡುತ್ತಿದ್ದ? ಬೈಯುವ ಭರದಲ್ಲಿ ಅವಳು ಎಂದೂ ನೋಡಿರಲಿಲ್ಲ; ಅವನು ಹೋದ ಮೇಲೆ ಆ ವಾಚು ತೋರಿಸಿದ್ದೇ ಅವಳ ಹೊತ್ತಾಗಿತ್ತು. ತೋಚಿದಷ್ಟು ತಿರುಗಿಸಿದಳು.

ಸೋಮವಾರ ಬೆಳಿಗ್ಗೆ ಪಾತ್ರೆ ಹಾಗೇ ಬಿಟ್ಟು ಹೋಗಿ ಕಟ್ಟೆಯ ಮೇಲೆ, ಪಕ್ಕದಲ್ಲಿ ಜಾಗ ಬಿಟ್ಟು ಕೂತಳು. ಬಸ್ಸಿಗೆ ಇನ್ನೂ ಹೊತ್ತಿತ್ತು. ಬೈಯೋಣವೆಂದರೆ ಪಕ್ಕದಲ್ಲಿ ಯಾರೂ ಇರಲಿಲ್ಲ.