ತಿಪ್ಪೆಗೆ ಬಿದ್ದ ಮುಳ್ಳುಕಳೆ

ಮುನಿಗಂಗಮ್ಮ ತೀರಿಹೋಗಿ ತಿಂಗಳಾಯಿತು. ಕುಡುಮಲಕುಂಟೆಯ ಕಾರ್ಖಾನೆಯೊಂದರ ಅಂಗಳದ ಹುಲ್ಲಿನಲ್ಲಿ ಹನ್ನೊಂದು ವರ್ಷ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತವಳು.

ಅಲ್ಲಿನ ಮರಳುಮಣ್ಣಿಗೆ ಚಳಿ ಬಿದ್ದರೆ ಒಂದು ಕಳೆ ಹುಟ್ಟುತ್ತಿತ್ತು. ಕೊತ್ತಂಬರಿಯಂಥ ಎಲೆ, ನೆಲ ಬಿಟ್ಟು ಮೇಲೇಳದು. ಬುಡದಲ್ಲಿ ನೆಗ್ಗಿಲಿಗಿಂತ ಚಿಕ್ಕ ಮುಳ್ಳುಕಾಯಿ. ಅದರ ಹೆಸರು ಅವಳಿಗೂ ಗೊತ್ತಿರಲಿಲ್ಲ. ಕಾಯಿ ಕಟ್ಟುವ ಮುಂಚೆ ಕೀಳಬೇಕೆಂಬುದು ಗೊತ್ತಿತ್ತು. ಹೋದ ವರ್ಷ ಮಂಡಿ ಹಿಡಿದುಕೊಂಡು ತಡವಾಯಿತು. ಕಾಯಿ ಸಮೇತ ಕಿತ್ತಳು. ಬಿಸಾಡಲು ಮನಸ್ಸು ಬರಲಿಲ್ಲ. ಹಸಿರು ಕಂಡರೆ ತಿಪ್ಪೆಗೆ ಹಾಕುವುದು ಬೇಸಾಯದ ಮನೆಯ ಅಭ್ಯಾಸ. ಮಳೆಗಾಲದಲ್ಲಿ ಅದೇ ಗೊಬ್ಬರವನ್ನು ಹುಲ್ಲಿಗೆಲ್ಲ ಹರಡಿದಳು.

ಈ ಸಂಕ್ರಾಂತಿಯ ಹೊತ್ತಿಗೆ, ಊಟಕ್ಕೆ ಹುಲ್ಲಿನ ಮೇಲೆ ಕೂತ ಹೆಂಗಸರು ಚುಚ್ಚಿಸಿಕೊಂಡು ಎದ್ದರು. ಸೂಪರ್‌ವೈಸರ್ ಮೋಹನ್‌ಬಾಬು ಹುಲ್ಲು ಕತ್ತರಿಸುವ ಎರ್ರಪ್ಪನನ್ನು ಹಿಡಿದ.

"ಊರೆಲ್ಲ ಮೆಷಿನ್ ಓಡಿಸ್ತೀಯ. ಚಕ್ರಕ್ಕೆ ಅಂಟಿಸ್ಕೊಂಡು ತಂದಿದ್ದೀಯ. ನಾಳೆಯಿಂದ ಬರಬೇಡ."

"ಸಾರ್, ನನ್ನ ಮೆಷಿನ್ನು ಗೇಟೇ ದಾಟಿಲ್ಲ ಸಾರ್!"

ಮುನಿಗಂಗಮ್ಮ ಸುಮ್ಮನಿದ್ದರೆ ಆಗುತ್ತಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಆ ವಯಸ್ಸಿಗೆ ಬೇರೆ ಕಡೆ ಯಾರು ಕರೆಯುತ್ತಾರೆ? ಆದರೆ ಅವಳಿಗೆ ಸಾಕಾಗಿತ್ತು. ಎರ್ರಪ್ಪನ ಮುಖ ದಿನವೂ ನೆನೆಸಿಕೊಂಡು ಬದುಕುವಷ್ಟು ತ್ರಾಣ ಉಳಿದಿರಲಿಲ್ಲ.

"ಅವನಲ್ಲಪ್ಪ, ನಾನು. ಮುಳ್ಳುಕಾಯಿ ತಿಪ್ಪೆಗೆ ಹಾಕಿ, ಗೊಬ್ಬರ ಅಂತ ನಾನೇ ಎರಚಿದ್ದು."

"ಹನ್ನೊಂದು ವರ್ಷ ಕಳೆ ಕಿತ್ತೋಳು, ನೀನೇ ಬಿತ್ತಿದ್ಯೇನಮ್ಮ?"

"ಹೂಂನಪ್ಪ. ಬೆಳೆ ಚೆನ್ನಾಗಿ ಬಂದೈತೆ, ನೋಡು."

ಹೆಂಗಸರು ನಕ್ಕರು. ಮೋಹನ್‌ಬಾಬು ನಗಲಿಲ್ಲ. "ಮೊದ್ಲು ಕಿತ್ತು ಮುಗಿಸು. ಆಮೇಲೆ ನೋಡಣ," ಎಂದು ಹೋದ.

ಹದಿನಾರು ದಿನ ಕಿತ್ತಳು. ಕಿತ್ತದ್ದೆಲ್ಲ ಗೋಣಿಚೀಲಕ್ಕೆ, ಅಲ್ಲಿಂದ ಬೆಂಕಿಗೆ. ಎರ್ರಪ್ಪನೂ ಮೆಷಿನ್ ನಿಲ್ಲಿಸಿ ಎದುರು ಸಾಲಿಗೆ ಕೂತ.

"ಏನಮ್ಮೋ, ನಿನ್ನ ಬೆಳೆಗೆ ನಾನು ಕೂಲಿಯಾ?"

"ಮಾತು ಕಮ್ಮಿ ಮಾಡು ಕಣೋ, ಬೇರು ಬಿಡ್ತಿದ್ದೀಯ."

ಮುಗಿದ ದಿನ ಚಪ್ಪಲಿ ಬಿಟ್ಟು, ಆ ಕಡೆಯಿಂದ ಈ ಕಡೆಗೆ ನಿಧಾನವಾಗಿ ನಡೆದಳು. ಊಟದ ಡಬ್ಬಿ ಹಿಡಿದ ಹೆಂಗಸರು ಅಂಚಿನಲ್ಲಿ ಕಾದು ನಿಂತಿದ್ದರು. ಎರಡು ಸಲ ಬಗ್ಗಿ ಅಂಗಾಲು ಸವರಿಕೊಂಡಳು, ಚುಚ್ಚಿದ ಕಾಯಿ ಕಿತ್ತು ಸೆರಗಿಗೆ ಕಟ್ಟಿಕೊಂಡಳು. ಮೋಹನ್‌ಬಾಬು ಕಿಟಕಿಯಿಂದ ನೋಡುತ್ತಿದ್ದ; ಕೆಲಸದಿಂದ ತೆಗೆಯುವ ಮಾತನ್ನು ಅಂದೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

"ಕೂತ್ಕಳ್ರಮ್ಮ," ಎಂದಳು.

ಅವರು ಕೂತರು. "ನೀನೂ ಬಾರಕ್ಕ" ಎಂದು ಜಾಗ ಬಿಟ್ಟರು.

"ಬ್ಯಾಡ ಕಣ್ರೇ. ಕೂತ್ರೆ ಏಳಕ್ಕಾಗಲ್ಲ," ಎಂದು ಗೋಡೆಗೆ ಒರಗಿ ನಿಂತೇ ಮುದ್ದೆ ಮುರಿದಳು.