ಮುಂಜಾನೆ ಸಿಡಿಯದ ರಿವಾಲ್ವರ್

ತುಮಕೂರಿನಲ್ಲಿ ಬಂದೂಕು ರಿಪೇರಿಗೆ ಲೈಸೆನ್ಸ್ ಇಟ್ಟುಕೊಂಡಿದ್ದ ಅಂಜಿನಪ್ಪನಿಗೆ ಮೂಗಿನ ತುದಿಯಲ್ಲೇ ಕೋಪ. ಗಿರಾಕಿ ಸ್ವಲ್ಪ ಬೇಗ ಬೇಕು ಎಂದರೆ ಸಾಕು, ಬಂದೂಕನ್ನು ಬಿಚ್ಚದೆಯೇ ವಾಪಸ್ಸು ಕೊಟ್ಟು ಕಳಿಸುವ ಆಸಾಮಿ. ಆದರೂ ಗುಬ್ಬಿ, ಕುಣಿಗಲ್ ಕಡೆಯ ರೈತರು ಹಂದಿ ಬೆದರಿಸಲು ಇಟ್ಟುಕೊಂಡ ಕೋವಿಗಳು ಅವನ ಕೈಗೇ ಬರಬೇಕು. ಆ ಕೈಗೆ ಅಷ್ಟು ಹೆಸರಿತ್ತು. ಸಾವಿರದ ಒಂಬೈನೂರ ಎಂಬತ್ತೆರಡರ ಹೊತ್ತಿಗೆ, ವಯಸ್ಸಾಗಿ, ಅದು ಸಣ್ಣಗೆ ನಡುಗತೊಡಗಿತ್ತು. ಹೆಂಡತಿ ಮಹಾಲಕ್ಷ್ಮಮ್ಮನಿಗೆ ಗೊತ್ತಾಗದಂತೆ ನೋಡಿಕೊಂಡಿದ್ದೇನೆ ಎಂದು ಅವನು ತಿಳಿದಿದ್ದ. ಅವಳಿಗೆ ಗೊತ್ತಿತ್ತು, ಅದು ಬೇರೆ ಮಾತು.

ಆ ಮಾಗಿಯಲ್ಲಿ ನಿಟ್ಟೂರಿನ ಲಕ್ಷ್ಮೀನರಸಿಂಹಯ್ಯ ಮುಖ ಸಣ್ಣದು ಮಾಡಿಕೊಂಡು ಅಂಗಡಿಗೆ ಬಂದರು. ಅವರು ತೆಂಗಿನ ತೋಟದ ಕುಳ. ಗುರಿ ಹೊಡೆಯುವ ಸ್ಪರ್ಧೆಯೆಂದರೆ ಹುಚ್ಚು. ಅವರ ರಿವಾಲ್ವರನ್ನು ಹೋದ ಬಾರಿ ಪೂರ್ತಿ ಬಿಚ್ಚಿ ಜೋಡಿಸಿದವನು ಅಂಜಿನಪ್ಪನೇ.

"ಹ್ಯಾಮರ್ ಬೀಳ್ತದೆ, ತೋಟಾ ಸಿಡಿಯಲ್ಲ. ನೋಡು," ಎಂದು ಒಂದು ತೋಟಾ ತೋರಿಸಿದರು. ಅದರ ಹಿಂಬದಿಯಲ್ಲಿ ಹ್ಯಾಮರಿನ ಪಿನ್ನು ಬಡಿದ ಗುರುತು ಉಗುರು ಒತ್ತಿದಷ್ಟೇ ಇತ್ತು.

ಅಂಜಿನಪ್ಪ ಖಾಲಿ ರಿವಾಲ್ವರಿನ ನಳಿಗೆಯೊಳಗೆ ಪೆನ್ಸಿಲ್ ಇಳಿಬಿಟ್ಟು, ಮೇಲ್ಮುಖವಾಗಿ ಹಿಡಿದು ಟ್ರಿಗರ್ ಎಳೆದ. ಪೆಟ್ಟಿನ ಬಿರುಸು ಅಳೆಯಲು ಅವನದು ಇದೇ ದಾರಿ. ಪೆನ್ಸಿಲ್ ಚಿಮ್ಮಿ ಸೂರಿಗೆ ತಗುಲಿತು. "ಚೆನ್ನಾಗೈತಲ್ಲ ಸ್ವಾಮಿ!" ಎಂದ. ಆದರೂ ಹಿಡಿ ಬಿಚ್ಚಿ ಸ್ಪ್ರಿಂಗ್ ಬದಲಿಸಿ ಕಳಿಸಿದ. ವಾರದೊಳಗೆ ಅದು ತಿರುಗಿ ಬಂತು. ಅದೇ ರೋಗ. ಅಂಗಡಿಯಲ್ಲಿ ಮಾತ್ರ ಪೆನ್ಸಿಲ್ ಮತ್ತೆ ಸೂರಿಗೇ ಹಾರಿತು.

"ನಿಂಗೆ ಆಗ್ದಿದ್ರೆ ಹೇಳ್ಬುಡು, ಬೆಂಗ್ಳೂರಲ್ಲಿ ತೋರಿಸ್ತೀನಿ," ಎಂದರು ಲಕ್ಷ್ಮೀನರಸಿಂಹಯ್ಯ.

ಬೈದಿದ್ದರೆ ಅವನೂ ತಿರುಗಿ ಬೈಯುತ್ತಿದ್ದ. ಅವರು ಅವನ ಕೈ ನೋಡುತ್ತ ಮೆಲ್ಲಗೆ ಹೇಳಿದ್ದರು. "ನಾನೇ ನಿಮ್ಮೂರಿಗೆ ಬಂದು ಒಂದ್ಸಲ ನೋಡ್ತೀನಿ," ಎಂದಷ್ಟೇ ಹೇಳಿ, ರಿವಾಲ್ವರನ್ನು ಅವರ ಕೈಗೇ ಕೊಟ್ಟು ಕಳಿಸಿದ. ಅಲ್ಲಿಯೂ ಸರಿಯಾಗದಿದ್ದರೆ ಅಂಗಡಿ ಮುಚ್ಚುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ.

ಮಾರನೆಯ ದಿನ ಮೊದಲ ರೈಲಿಗೇ ಹೋಗಿ ನಿಟ್ಟೂರಿನಲ್ಲಿ ಇಳಿದ. ಲಕ್ಷ್ಮೀನರಸಿಂಹಯ್ಯ ಮುಂಜಾನೆಯೇ ಅಭ್ಯಾಸ ಮಾಡುವವರು. ಕೊರೆಯುವ ಚಳಿಯಲ್ಲಿ, ಅವರ ಅಂಗಳದಲ್ಲಿ ಅಂಜಿನಪ್ಪ ಪೆನ್ಸಿಲ್ ಇಳಿಬಿಟ್ಟು ಟ್ರಿಗರ್ ಎಳೆದ. ಪೆನ್ಸಿಲ್ ನಳಿಗೆಯಿಂದ ತಲೆ ಹೊರಗೆ ಹಾಕಿ ಮತ್ತೆ ಒಳಗೇ ಕುಸಿಯಿತು. ಅಂಜಿನಪ್ಪ ಬೆಪ್ಪಾದ.

ಜಗಲಿಯಲ್ಲಿ ಅವರ ಹೆಂಡತಿ ಭದ್ರಮ್ಮ ತಲೆ ಬಾಚಿಕೊಳ್ಳಲು ಕೂತಿದ್ದರು. ಎಣ್ಣೆ ಸೀಸೆಯನ್ನು ಎಳೆಬಿಸಿಲಿಗೆ ಹಿಡಿದು, "ಹಾಳಾದ್ದು, ಕಲ್ಲಾಗೈತೆ," ಎಂದು ಗೊಣಗಿದರು.

ಅಂಜಿನಪ್ಪ ಸರಕ್ಕನೆ ತಿರುಗಿದ. ರಿವಾಲ್ವರಿನ ಪಕ್ಕದ ತಗಡು ಬಿಚ್ಚಿ ಮೂಗಿಗೆ ಹಿಡಿದ. ಕೊಬ್ಬರಿ ಎಣ್ಣೆಯ ವಾಸನೆ! ಹ್ಯಾಮರಿನ ಸಂದಿಯಲ್ಲಿ ಅದು ಬೆಳ್ಳಗೆ ಹೆಪ್ಪುಗಟ್ಟಿ ಕೂತಿತ್ತು. ಅವನಿಗೆ ನೆನಪಾಯಿತು: ಹೋದ ಬಾರಿ, ಆಯುಧಪೂಜೆಯ ಮರುದಿನ, ಈ ರಿವಾಲ್ವರಿಗೆ ಹತ್ತಿದ್ದ ಕುಂಕುಮವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಬಂದೂಕಿಗೆ ಹಾಕುವ ಎಣ್ಣೆ ಮುಗಿದಿತ್ತು. ದೇವರ ದೀಪಕ್ಕೆ ತಂದ ಕೊಬ್ಬರಿ ಎಣ್ಣೆಯನ್ನೇ, ಧಾರಾಳವಾಗಿಯೇ, ಒಳಗೆ ಬಿಟ್ಟಿದ್ದ. ಬಿಸಿಲು ಹೊತ್ತಿನ ಅಂಗಡಿಯಲ್ಲಿ ಅದು ಕರಗಿ ನೀರಾಗುತ್ತಿತ್ತು.

ಅಲ್ಲೇ ಸೀಮೆಎಣ್ಣೆ ಕೇಳಿ ಭಾಗಗಳನ್ನು ತೊಳೆದು, ಒರೆಸಿ ಜೋಡಿಸಿದ. ಈ ಸಲ ಪೆನ್ಸಿಲ್ ಚಿಮ್ಮಿ ಹೆಂಚಿನ ಮೇಲೆ ಬಿತ್ತು.

"ಏನಾಗಿತ್ತೋ? ಸ್ಪ್ರಿಂಗಾ?" ಎಂದು ಲಕ್ಷ್ಮೀನರಸಿಂಹಯ್ಯ ಕೇಳಿದರು.

"ಸ್ಪ್ರಿಂಗೂ ಅಲ್ಲ, ಕೈಯೂ ಅಲ್ಲ ಸ್ವಾಮಿ! ನಂದೇ ದಡ್ಡತನ! ದೀಪದ ಎಣ್ಣೆ ಬುಟ್ಟಿದ್ದೆ!" ಎಂದು ಅಂಜಿನಪ್ಪ ಗಟ್ಟಿಯಾಗಿ ನಕ್ಕ. ತಪ್ಪು ಒಪ್ಪಿಕೊಂಡು ಇಷ್ಟೊಂದು ಖುಷಿಪಟ್ಟ ಮನುಷ್ಯನನ್ನು ಅವರು ಕಂಡಿರಲಿಲ್ಲ.

ಮಧ್ಯಾಹ್ನ ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಹೆಂಡತಿಯನ್ನು ಕೂಗಿದ. "ಅಂಗಡಿ ಮುಚ್ಚಲ್ಲ ಕಣೇ!"

"ಮುಚ್ತೀನಿ ಅಂತ ಯಾವತ್ತು ಹೇಳಿದ್ರಿ?" ಎಂದಳು ಮಹಾಲಕ್ಷ್ಮಮ್ಮ.

ಹೇಳಿರಲೇ ಇಲ್ಲ. ಕೈ ಕೆಟ್ಟಿತೆಂಬ ಆ ಭಯವನ್ನು ಅಷ್ಟು ದಿನ ಅವನೊಬ್ಬನೇ ಹೊತ್ತು ತಿರುಗಿದ್ದ. ಊರವರ ಮೇಲೆಲ್ಲ ಸಿಡುಕುತ್ತಿದ್ದ ಮುದುಕ ಬಾಗಿಲಲ್ಲೇ ಕೂತು ಅತ್ತುಬಿಟ್ಟ.