ಆಚಿ, ಆಚೆ

ಸ್ವೀಡನ್ನಿನ ಚಳಿ ಹೇಗಿದೆ ಎಂದು ಊರಿನವರು ಕೇಳಿದಾಗಲೆಲ್ಲ ನಾನು ಸುಳ್ಳು ಹೇಳುತ್ತೇನೆ. ಅಭ್ಯಾಸ ಆಗಿದೆ ಎನ್ನುತ್ತೇನೆ. ಮಣ್ಣಂಗಟ್ಟಿ ಅಭ್ಯಾಸ. ಇಷ್ಟು ವರ್ಷವಾದರೂ ನವೆಂಬರ್ ಬಂತೆಂದರೆ ದಿನ ಎಣಿಸತೊಡಗುತ್ತೇನೆ. ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕತ್ತಲು, ಮನೆಗೆ ಬರುವಾಗ ಕತ್ತಲು, ನಡುವೆ ಯಾವಾಗಲೋ ಬಂದು ಹೋದ ಬೆಳಕನ್ನು ನಾನು ಫ್ಯಾಕ್ಟರಿಯ ಕಿಟಕಿಯಿಂದ ನೋಡಿದರೆ ಪುಣ್ಯ. ಕಾಲಿಗೆ ಎರಡು ಜೊತೆ ಕಾಲುಚೀಲ, ಮೇಲೆ ಮೂರು ಪದರ ಬಟ್ಟೆ, ಅದರ ಮೇಲೆ ಗಾದಿಯಂಥ ಕೋಟು. ಇಷ್ಟೆಲ್ಲ ಹೊದ್ದುಕೊಂಡು ರೈಲು ನಿಲ್ದಾಣದಲ್ಲಿ ನಿಂತವನಿಗೆ ಬೇಕು ಎನಿಸುವುದು ಒಂದೇ, ಬೆವರುವುದು. ಸುಮ್ಮನೆ ಕೂತಲ್ಲೇ, ಯಾವ ಕೆಲಸವನ್ನೂ ಮಾಡದೆ ಬೆವರುವುದು.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಒಂದು ಕುದ್ರುವಿನಲ್ಲಿ. ಕುದ್ರು ಎಂದರೆ ನದಿಯ ನಡುವಿನ ದ್ವೀಪ. ಸಮುದ್ರ ಅಲ್ಲಿಂದ ಕೂಗಳತೆಯಲ್ಲಿದೆ, ಹಾಗಾಗಿ ಸುತ್ತಲಿನ ನೀರು ಉಪ್ಪು. ಒಂದಿಷ್ಟು ಮನೆ, ಲೆಕ್ಕವಿಲ್ಲದಷ್ಟು ತೆಂಗಿನಮರ, ಅಂಗಳದವರೆಗೂ ಬರುವ ಏಡಿ. ಗಂಡಸರು ವರ್ಷದಲ್ಲಿ ಹೆಚ್ಚಿನ ದಿನ ಅಂಗಿಯನ್ನೇ ಹಾಕುವುದಿಲ್ಲ. ಅಮ್ಮ, ಅಣ್ಣ, ಅತ್ತಿಗೆ, ಅವರ ಮಕ್ಕಳು ಈಗಲೂ ಅಲ್ಲಿಯೇ ಇದ್ದಾರೆ. ಅಣ್ಣ ಸಿಗಡಿ ಹೊಂಡ ಮಾಡಿಕೊಂಡು ಚೆನ್ನಾಗಿಯೇ ಇದ್ದಾನೆ. ವಿಡಿಯೋ ಕರೆಯಲ್ಲಿ ಅವನ ಬರಿಮೈ ಕಂಡಾಗ ನನಗೆ ಆಗುವ ಹೊಟ್ಟೆಕಿಚ್ಚನ್ನು ಯಾರ ಬಳಿಯೂ ಹೇಳಿಕೊಂಡಿಲ್ಲ.

ಕುದ್ರುವಿನವರ ಬಾಯಲ್ಲಿ ದಿನಕ್ಕೆ ನೂರು ಸಲ ಬರುವ ಮಾತೊಂದಿದೆ, ‘ಆಚಿ’. ನೀರು ದಾಟಿದರೆ ಸಿಗುವುದೆಲ್ಲ ಆಚಿ. ಶಾಲೆ ಆಚಿ, ಆಸ್ಪತ್ರೆ ಆಚಿ, ಅಂಗಡಿ ಆಚಿ. “ಅಪ್ಪಯ್ಯ ಎಲ್ಲಿ?” ಎಂದು ಯಾರಾದರೂ ಕೇಳಿದರೆ “ಆಚಿಗಿದ್ರ್” ಎಂದರೆ ಸಾಕು, ಕೇಳಿದವರು ದೋಣಿ ಬರುವವರೆಗೆ ಜಗಲಿಯಲ್ಲಿ ಕೂರುತ್ತಿದ್ದರು. ಆಚಿಗಿದ್ದಾರೆ ಎಂದರೆ ಕ್ಷೇಮವಾಗಿದ್ದಾರೆ, ಯಾರದೋ ಮನೆಯಲ್ಲಿದ್ದಾರೆ, ನೀರಿನ ಮೇಲಂತೂ ಇಲ್ಲ ಎಂದು ಅರ್ಥ. ನಮ್ಮಲ್ಲಿ ಅದು ನೆಮ್ಮದಿಯ ಮಾತು.

ನನ್ನ ಹೆಂಡತಿ ಬೆಂಗಳೂರಿನವಳು. ಹೆಂಡತಿಯಾಗಿದ್ದವಳು ಎನ್ನಬೇಕು. ಮದುವೆಯಾದ ಹೊಸದರಲ್ಲಿ ನನ್ನ ಕುಂದಾಪುರದ ಕನ್ನಡ ಕೇಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಕೆಟ್ಟದ್ದೇನೂ ಇರಲಿಲ್ಲ ಅದರಲ್ಲಿ, ನನಗೂ ನಗು ಬರುತ್ತಿತ್ತು. ಸ್ಟಾಕ್‌ಹೋಮಿಗೆ ಬಂದ ಮೇಲೆ ಇಲ್ಲಿನ ಕನ್ನಡದವರ ಮನೆಗಳಲ್ಲಿ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಸೇರುವಾಗ ಎಲ್ಲರೂ ಆಡುತ್ತಿದ್ದದ್ದು ಬೆಂಗಳೂರಿನ ಕನ್ನಡ. ನಾನೂ ಅದಕ್ಕೇ ಒಗ್ಗಿಕೊಂಡೆ. ನನ್ನದನ್ನು ಕೊಂಚ ಕೊಂಚವೇ ತಿದ್ದಿಕೊಂಡೆ. ಹಾಗೆ ತಿದ್ದಿದ್ದರಲ್ಲಿ ‘ಆಚಿ’ಯೂ ಒಂದು. ಅದು ‘ಆಚೆ’ ಆಯಿತು. ಪೇಟೆಯವರ ಕಿವಿಗೆ ಹಿತವಾಗಲಿ ಎಂದು ಒಂದು ಸ್ವರ ಬದಲಿಸಿದೆ, ಅಷ್ಟೆ.

ಮಗಳು ಇಲ್ಲಿಯೇ ಹುಟ್ಟಿದಳು. ಅವಳು ಶಾಲೆಗೆ ಸೇರಿದ ಮೇಲೆ ನಾವಿಬ್ಬರೂ ಬೇರೆಯಾದೆವು. ಯಾಕೆ ಎಂದು ಬಹಳ ಜನ ಕೇಳಿದರು, ನನ್ನ ಅಮ್ಮನಂತೂ ಇವತ್ತಿಗೂ ಕೇಳುತ್ತಾಳೆ. ದೊಡ್ಡ ಜಗಳವೇನಿಲ್ಲ. ಹೆಂಡತಿಗೆ ಈ ದೇಶ ಹಿಡಿಸಿತು, ನನಗೆ ಹಿಡಿಸಲಿಲ್ಲ. ಪ್ರತಿ ಚಳಿಗಾಲದಲ್ಲೂ ಊರಿಗೆ ಹೋಗಿಬಿಡೋಣ ಎಂದು ನಾನು ಗೊಣಗುವುದು, ಹೋಗಿ ಅಲ್ಲೇನು ಮಾಡ್ತೀಯ ಎಂದು ಅವಳು ಕೇಳುವುದು. ಕೊನೆಗೆ ಇಬ್ಬರಿಗೂ ಸಾಕಾಯಿತು.

ಇಲ್ಲಿ ಗಂಡ ಹೆಂಡತಿ ಬೇರೆಯಾದರೆ ಮಗು ಒಂದು ವಾರ ಅಪ್ಪನ ಮನೆ, ಒಂದು ವಾರ ಅಮ್ಮನ ಮನೆ. ಎಷ್ಟು ಸಾಮಾನ್ಯವೆಂದರೆ ಮಕ್ಕಳೇ ಪರಸ್ಪರ ಕೇಳಿಕೊಳ್ಳುತ್ತಾರೆ, ಇದು ಅಪ್ಪನ ವಾರವೋ ಅಮ್ಮನ ವಾರವೋ ಎಂದು. ಮಗಳ ಜವಾಬ್ದಾರಿ ಇಬ್ಬರದೂ ಆದ್ದರಿಂದ ಅವಳನ್ನು ಕರೆದುಕೊಂಡು ನಾನು ದೇಶ ಬಿಡುವಂತಿಲ್ಲ. ಒಬ್ಬನೇ ಬಿಡಬಹುದು. ನನ್ನ ಕೆಲಸ ಸೋಡರ್‌ಟೆಲ್ಯೆಯಲ್ಲಿ, ಲಾರಿ ತಯಾರಿಸುವ ಕಡೆ. ಮನೆ ಮಾತ್ರ ಸ್ಟಾಕ್‌ಹೋಮಿನ ಇನ್ನೊಂದು ತುದಿಯ ಸೊಲ್ಲೆಂಟುನಾದಲ್ಲಿ ಮಾಡಿದೆ, ಅವಳ ಶಾಲೆ ಮತ್ತು ಅವಳಮ್ಮನ ಫ್ಲ್ಯಾಟ್ ಅಲ್ಲಿರುವುದರಿಂದ. ಒಂದು ದೊಡ್ಡ ಮನೆಯ ನೆಲಮಾಳಿಗೆಯ ಬಾಡಿಗೆ ಭಾಗ, ಬಾಗಿಲು ನೇರ ಹಿತ್ತಿಲಿಗೆ ತೆರೆಯುತ್ತದೆ. ಮೇಲಿನ ಮಾಲೀಕರು ನಿವೃತ್ತ ದಂಪತಿ. ಕ್ರಿಸ್‌ಮಸ್ ಮುಗಿಯುವುದೇ ತಡ, ಥಾಯ್ಲೆಂಡಿನ ಯಾವುದೋ ದ್ವೀಪಕ್ಕೆ ಹಾರಿ, ಹಿಮ ಕರಗಿದ ಮೇಲೆ ಕೆಂಪಗೆ ಬೆಂದು ಬರುತ್ತಾರೆ. ದ್ವೀಪದಲ್ಲಿ ಹುಟ್ಟಿದ ನಾನು ಅವರ ಹಿತ್ತಿಲಿನ ಹಿಮ ಗೋರುತ್ತಾ ಇರುತ್ತೇನೆ. ನನ್ನ ಹಣೆಬರಹಕ್ಕೆ ನಾನೇ ನಕ್ಕಿದ್ದೂ ಉಂಟು.

ಮಗಳಿಲ್ಲದ ವಾರಗಳಲ್ಲಿ ನಾನು ಬದುಕಿದ್ದೆ ಎನ್ನುವುದು ಕಷ್ಟ. ಅವಳು ಬರುವ ಶುಕ್ರವಾರ ಮಾತ್ರ ಅಕ್ಕಿ ನೆನೆಹಾಕಿ, ಮನೆ ಗುಡಿಸಿ, ಮನುಷ್ಯನಾಗುತ್ತಿದ್ದೆ. ಮಲಗಿಸುವಾಗ ಕುದ್ರುವಿನ ಕಥೆ ಹೇಳುತ್ತಿದ್ದೆ. ಅವಳ ಅಜ್ಜಿ ಏಡಿ ಹಿಡಿಯುವುದು, ದೋಣಿಯಲ್ಲಿ ಎಮ್ಮೆ ಸಾಗಿಸಿದ್ದು, ನಾವು ಹುಡುಗರು ನೀರಿಗೆ ಹಾರುತ್ತಿದ್ದದ್ದು. ಅವಳು ಸ್ವೀಡಿಷಿನಲ್ಲೇ ಪ್ರಶ್ನೆ ಕೇಳುತ್ತಿದ್ದಳು, ನಾನು ಕನ್ನಡದಲ್ಲೇ ಉತ್ತರಿಸುತ್ತಿದ್ದೆ. ಆದರೂ ಕೆಲವು ಮಾತು ಅವಳಿಗೆ ಅಂಟಿತು. ಅಮ್ಮನ ಮನೆಯನ್ನು ಅವಳು ‘ಆಚೆ’ ಎನ್ನತೊಡಗಿದಳು. “ಅಪ್ಪ, ನನ್ನ ಸ್ಕೇಟ್ಸ್ ಆಚೆ ಇದೆ.” ಎರಡು ಮನೆಗಳ ನಡುವೆ ರೈಲುಹಳಿ ಇತ್ತು, ಅದನ್ನು ಅವಳು ನದಿ ಮಾಡಿಕೊಂಡಿದ್ದಳು. ನನಗೆ ಆದ ಸಂತೋಷ ಹೇಳಿ ಪ್ರಯೋಜನವಿಲ್ಲ. ಅವಳ ಬಾಯಲ್ಲಾದರೂ ನನ್ನ ಕುದ್ರು ಉಳಿಯಿತು ಎಂದುಕೊಂಡೆ.

ಆ ಜನವರಿಯ ಶುಕ್ರವಾರ ಅವಳು ಶಾಲೆಯಿಂದ ನನ್ನ ಮನೆಗೆ ಬರಬೇಕಿತ್ತು. ಹಿಮಕ್ಕೆ ಹಳಿ ಕೆಟ್ಟು ನನ್ನ ರೈಲು ದಾರಿ ನಡುವಿನ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ ನಿಂತುಬಿಟ್ಟಿತ್ತು. ಬೋಗಿಯಲ್ಲಿ ಉಸಿರು ಬಿಡಲೂ ಜಾಗವಿರಲಿಲ್ಲ. ಆಗ ಅವಳ ಕರೆ ಬಂತು.

“ಅಪ್ಪ, ಕೀ ಮರ್ತೆ. ನಾನು ಆಚೆ ಇದೀನಿ.”

ನನಗೆ ಜೀವ ಬಂದಂತಾಯಿತು. ನನ್ನ ಮನೆಯ ಕೀಲಿ ಮರೆತು ಅಮ್ಮನ ಮನೆಗೆ ಹೋಗಿದ್ದಾಳೆ, ಬೆಚ್ಚಗಿದ್ದಾಳೆ. “ಅಲ್ಲೇ ಇರ್ ಮಗಾ, ಎಲ್ಲಿಗೂ ಹೋಯ್ಬೇಡ, ನಾನ್ ಬತ್ತೆ” ಎಂದೆ. ಅವಳು ಹ್ಞೂಂ ಎಂದಳು. ಅಷ್ಟರಲ್ಲಿ ಕರೆ ಕಟ್ಟಾಯಿತು. ಚಳಿಗೆ ಫೋನಿನ ಬ್ಯಾಟರಿ ಸಾಯುವುದು ಇಲ್ಲಿ ಮಾಮೂಲು, ಆದರೆ ಅವಳು ಚಳಿಯಲ್ಲಿದ್ದಾಳೆ ಎಂದು ನಾನು ಎಣಿಸಿಯೇ ಇರಲಿಲ್ಲ. ಅವಳಮ್ಮನಿಗೆ ಒಂದು ಮೆಸೇಜ್ ಹಾಕಿದೆ, ಮಗಳನ್ನು ನಿನ್ನ ಮನೆಯಿಂದಲೇ ಕರೆದುಕೊಂಡು ಹೋಗುತ್ತೇನೆ ಎಂದು. ಉತ್ತರ ಬರಲಿಲ್ಲ. ಆಫೀಸ್ ಕೆಲಸದಲ್ಲಿ ಅವಳು ದೂರದ ಯೋತೆಬೋರಿಗೆ ಹೋಗಿದ್ದಳೆಂದು ನನಗೆ ತಿಳಿದದ್ದು ಆಮೇಲೆ.

ರೈಲು ಕೊನೆಗೂ ಹೊರಟಿತು. ಸೊಲ್ಲೆಂಟುನಾದಲ್ಲಿ ಇಳಿದವನು ಅಂಗಡಿಗೆ ಹೊಕ್ಕು ಫ್ರೀಜರಿನಿಂದ ಬಂಗುಡೆ ಮೀನಿನ ಪೊಟ್ಟಣ ಆರಿಸಿದೆ, ತುರಿದ ತೆಂಗಿನಕಾಯಿ ತೆಗೆದುಕೊಂಡೆ. ಮಗಳು ಬೆಚ್ಚಗಿರುವಾಗ ಅವಸರವೇಕೆ? ಚೀಲ ಹಿಡಿದು ಅವಳಮ್ಮನ ಫ್ಲ್ಯಾಟಿನ ಮುಂದೆ ಹೋಗಿ ಬೆಲ್ ಒತ್ತಿದೆ. ಮತ್ತೆ ಒತ್ತಿದೆ. ಒಳಗೆ ದೀಪವಿರಲಿಲ್ಲ. ಬಾಗಿಲಿನ ಎದುರು ನಿಂತು, ಆಚೆ, ಆಚೆ ಎಂದು ಬಾಯಲ್ಲೇ ಹೇಳಿಕೊಂಡೆ. ಬೆಂಗಳೂರಿನವರ ಬಾಯಲ್ಲಿ ಆಚೆ ಎಂದರೆ ಹೊರಗೆ. ಆಚೆ ಹೋಗಿ ಆಟ ಆಡ್ಕೋ ಎನ್ನುತ್ತಾರಲ್ಲ, ಆ ಆಚೆ. ಅವಳಮ್ಮನ ಆಚೆ.

ಹೇಗೆ ಓಡಿದೆನೋ ಗೊತ್ತಿಲ್ಲ. ಹಳಿಯ ಕೆಳಗಿನ ಸುರಂಗದಲ್ಲಿ ಒಮ್ಮೆ ಜಾರಿ ಬಿದ್ದೆ, ಮೀನು ಅಲ್ಲೇ ಉಳಿಯಿತು. ನನ್ನ ಬಾಗಿಲಿಗೆ ಬೆನ್ನು ಒತ್ತಿ ಅವಳು ಕುಕ್ಕರಗಾಲಲ್ಲಿ ಕೂತಿದ್ದಳು. ಒಂದು ಕೈಗವಸು ಎಲ್ಲೋ ಬಿದ್ದು ಹೋಗಿತ್ತು. ರೆಪ್ಪೆಯ ಮೇಲೆ ಹಿಮ. ಅಳುತ್ತಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಮೇಲಿನ ಮಾಲೀಕರು ತಮ್ಮ ದ್ವೀಪದಲ್ಲಿದ್ದರು, ಮನೆಯೆಲ್ಲ ಕತ್ತಲು. ಪಕ್ಕದ ಮನೆಯ ಬಾಗಿಲು ತಟ್ಟಬಹುದಿತ್ತಲ್ಲ ಎಂದರೆ ತುಟಿ ಅಲ್ಲಾಡಿಸಿ ಹೇಳಿದಳು, “ನೀನೇ ಅಲ್ಲೇ ಇರು ಅಂದೆ.”

ಆಸ್ಪತ್ರೆಯಲ್ಲಿ ಅವಳ ಬೆರಳುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರು. ರಕ್ತ ಮರಳಿ ಹರಿಯುವಾಗ ಆಗುವ ನೋವಿಗೆ ಅವಳು ಕಿರುಚಿದ್ದನ್ನು ನಾನು ಬರೆಯಲಾರೆ. ಎರಡು ಬೆರಳಿನ ತುದಿಯಲ್ಲಿ ಗುಳ್ಳೆ ಎದ್ದು ವಾರಗಟ್ಟಲೆ ಉಳಿಯಿತು, ಮತ್ತೆ ವಾಸಿಯಾಯಿತು. ಅವಳಮ್ಮ ಸಿಕ್ಕಿದ ರೈಲು ಹತ್ತಿ ಬಂದಳು. ಕೂಗಾಡುತ್ತಾಳೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ನಾನು ಎಲ್ಲ ವಿವರಿಸಿದೆ. ಅವಳು ಕೇಳಿಸಿಕೊಂಡು, “ಆಚೆ ಅಂತ ಸರಿಯಾಗೇ ಹೇಳಿದ್ಳಲ್ಲೋ” ಎಂದಳು. ನಿಜ. ಮಗು ಸರಿಯಾಗಿಯೇ ಹೇಳಿತ್ತು. ನನ್ನ ಹತ್ತಿರ ಇಷ್ಟು ದಿನ ನನ್ನ ಮಾತು ಆಡಿದವಳಿಗೆ, ಜೀವಕ್ಕೆ ಬಂದಾಗ ಅಮ್ಮನ ಮಾತು ಬಂತು. ಅದರಲ್ಲಿ ಅವಳ ತಪ್ಪೇನು? ಆದರೆ ನನಗೆ ನೋವಾಯಿತು, ಇವತ್ತಿಗೂ ಆಗುತ್ತದೆ. ನಾನು ನನ್ನ ಅಮ್ಮ ಕಲಿಸಿದ ಹಾಗೆ ‘ಆಚಿ’ ಎಂದೇ ಹೇಳಿಕೊಟ್ಟಿದ್ದರೆ ಎರಡೂ ಬೇರೆ ಬೇರೆ ಮಾತಾಗಿ ಉಳಿಯುತ್ತಿದ್ದವು. ಯಾರೂ ನಗದಿರಲಿ ಎಂದು ನಾನು ನಯ ಮಾಡಿದ ಮಾತು ಅವಳನ್ನು ಹಿಮದಲ್ಲಿ ಕೂರಿಸಿತು.

ಆ ಚಳಿಗಾಲ ಮುಗಿಯುವುದರೊಳಗೆ ಅವಳಮ್ಮ ಕೊಮ್ಯೂನಿನಲ್ಲಿ, ಅಂದರೆ ಇಲ್ಲಿನ ನಗರಸಭೆಯ ಕಚೇರಿಯಲ್ಲಿ, ಮಗಳ ವಿಷಯಕ್ಕೆ ಒಂದು ಮಾತುಕತೆ ಏರ್ಪಡಿಸಲು ಕೇಳಿಕೊಂಡಳು. ಅಲ್ಲಿನ ಹೆಂಗಸು ಬಹಳ ಮೃದುವಾಗಿ ಮಾತಾಡಿದರು. ಮಗಳಿಗೆ ಇನ್ನು ಚೀಲ ಹೊತ್ತು ಎರಡು ಮನೆ ತಿರುಗುವುದು ಸಾಕಾಗಿದೆಯಂತೆ, ಒಂದೇ ಮನೆಯಲ್ಲಿರಲು ಬಯಸುತ್ತಾಳಂತೆ. ಯಾವ ಮನೆ ಎಂದು ನಾನು ಕೇಳಲಿಲ್ಲ. ಬೆರಳಿನ ವಿಷಯವನ್ನು ಯಾರೂ ಎತ್ತಲಿಲ್ಲ. ನಾನು ಬೇಡ ಎನ್ನಬಹುದಿತ್ತು, ವಾದ ಮಾಡಬಹುದಿತ್ತು. ಆದರೆ ಮಗಳ ಬಾಯಿಂದಲೇ ಕೇಳಬೇಕು ಅನಿಸಿತು.

ಮರುದಿನ ನಿಲ್ದಾಣದ ಬಳಿಯ ಬೇಕರಿಗೆ ಕರೆದುಕೊಂಡು ಹೋದೆ. ಅವಳಿಗೆ ಇಷ್ಟದ ಏಲಕ್ಕಿ ಬನ್ನು, ಬಿಸಿ ಚಾಕಲೇಟು. ನನಗೆ ಕಾಫಿ. ಹೊರಗೆ ಹಿಮ ಕೊಚ್ಚೆಯಾಗಿ ಕರಗುತ್ತಿತ್ತು. ಅವಳು ಅರ್ಧ ಬನ್ನನ್ನು ಸುರುಳಿ ಬಿಡಿಸಿ ಬಿಡಿಸಿ ತಿಂದಳು. ಆಮೇಲೆ ನನ್ನ ಮುಖ ನೋಡಿ, ಸ್ವೀಡಿಷ್ ಬಿಟ್ಟು, ಕನ್ನಡದಲ್ಲೇ ಹೇಳಬೇಕೆಂದು ಮನೆಯಲ್ಲಿ ತಯಾರಾಗಿ ಬಂದವಳ ಹಾಗೆ ಒಂದೊಂದೇ ಮಾತು ಜೋಡಿಸಿದಳು.

“ಅಪ್ಪ, ನಾನು ಅಮ್ಮನ ಜೊತೆ ಇರ್ತೀನಿ. ಆಗ ನೀನು ಊರಿಗೆ ಹೋಗ್ಬಹುದು.”

ನನಗೆ ತಕ್ಷಣ ಅರ್ಥವಾಗಲಿಲ್ಲ.

“ನಿನಗೆ ಇಲ್ಲಿ ಚಳಿ ಅಲ್ವಾ. ದಿನಾ ಹೇಳ್ತೀಯಲ್ಲ, ಅಲ್ಲಿ ಚಳಿ ಇಲ್ಲ, ಶರ್ಟೇ ಬೇಡ, ಅಜ್ಜಿ ಇದಾರೆ ಅಂತ. ನಾನು ಇದೀನಿ ಅಂತ ತಾನೇ ನೀನು ಇಲ್ಲಿ ಇರೋದು?”

ಅವಳಿಂದಾಗಿ ನಾನಿಲ್ಲಿ ಸಿಕ್ಕಿಕೊಂಡಿದ್ದೇನೆ ಎಂದು ಯಾವತ್ತೂ ಹೇಳಿರಲಿಲ್ಲ. ಕಥೆ ಹೇಳಿದ್ದೆ ಅಷ್ಟೆ. ಅಷ್ಟೂ ಕಥೆಗಳನ್ನು ಕೇಳುತ್ತಾ ಕೇಳುತ್ತಾ, ಕತ್ತಲಲ್ಲಿ ಕಣ್ಣು ತೆರೆದುಕೊಂಡು, ಆ ಪುಟ್ಟ ಜೀವ ತನ್ನಿಂದ ಅಪ್ಪನಿಗೆ ಎಷ್ಟು ಕಷ್ಟ ಎಂದು ಲೆಕ್ಕ ಹಾಕುತ್ತಿತ್ತು. ನನ್ನನ್ನು ಬಿಟ್ಟುಕೊಡುವುದೇ ನನಗೆ ಮಾಡುವ ಉಪಕಾರ ಎಂದು ತಿಳಿದಿತ್ತು. ನೀನಿರುವ ಕಡೆಯೇ ನನ್ನ ಊರು ಮಗಾ, ನೀನಿಲ್ಲದ ಕುದ್ರು ನನಗೆ ಯಾಕೆ, ಎಂದು ಅಲ್ಲೇ ಅವಳನ್ನು ಅಪ್ಪಿಕೊಂಡು ಅಳಬೇಕೆನಿಸಿತು. ಹಾಗೆ ಹೇಳಿದ್ದರೆ ಅವಳು ಮತ್ತೆ ಚೀಲ ಹೊತ್ತು ಹಳಿ ದಾಟಿ ಬರುತ್ತಿದ್ದಳು, ನನಗೋಸ್ಕರ. ಬರುವ ಚಳಿಗಾಲವೂ, ಅದರ ಮುಂದಿನದೂ.

“ಹೌದು” ಎಂದೆ. “ಅಲ್ಲಿ ಚಳಿ ಇಲ್ಲ.”

“ನಿನಗೆ ಖುಷಿಯಾ?”

“ತುಂಬ ಖುಷಿ.”

“ಹಾಗಾದ್ರೆ ಹೋಗ್ತೀಯಾ? ಪ್ರಾಮಿಸ್?”

ವಾಸಿಯಾದ ಬೆರಳು ಚಾಚಿದಳು. ತುದಿಯ ಹೊಸ ಚರ್ಮ ತೆಳ್ಳಗೆ, ಗುಲಾಬಿಯಾಗಿತ್ತು. ನಾನು ಅದಕ್ಕೆ ನನ್ನ ಬೆರಳು ಸೇರಿಸಿ ಪ್ರಾಮಿಸ್ ಎಂದೆ. ಅವಳ ಮುಖದಲ್ಲಿ ಎಷ್ಟು ನಿರಾಳ ಕಂಡಿತೆಂದರೆ, ನಾನು ಕಾಫಿ ಲೋಟದ ಹಿಂದೆ ಮುಖ ಮುಚ್ಚಿಕೊಳ್ಳಬೇಕಾಯಿತು. ಉಳಿದ ಬನ್ನನ್ನು ಅವಳು ಗಬಗಬನೆ ತಿಂದು ಮುಗಿಸಿದಳು. ಅವಳಮ್ಮ ಬಂದು ಕರೆದುಕೊಂಡು ಹೋದಳು.

ಮೊನ್ನೆ ಅಮ್ಮ ಫೋನಿನಲ್ಲಿ ಎಂದಿನಂತೆ ಕೇಳಿದಳು, “ಯಾವತ್ತ್ ಬತ್ತೆ ಮಗಾ?” ಈ ಸಲ ನಾನು ಸುಳ್ಳು ಹೇಳಲಿಲ್ಲ. ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದೇನೆ, ಟಿಕೆಟ್ಟೂ ಆಗಿದೆ ಎಂದೆ. ಅವಳಿಗೆ ಅಳು ತಡೆಯಲಾಗಲಿಲ್ಲ, ಫೋನು ಅಣ್ಣನ ಕೈಗೆ ಕೊಟ್ಟಳು. ಅವನೂ ಏನೇನೋ ಸಂಭ್ರಮದ ಮಾತಾಡಿದ. ನಾನು ಇನ್ನೂ ಕೋಟು ಬಿಚ್ಚಿರಲಿಲ್ಲ. ಹೋಗಬೇಕು. ಮಗಳಿಗೆ ಮಾತು ಕೊಟ್ಟಿದ್ದೇನೆ.